ನಾಳೆ ವಿಜ್ಞಾನದ ಪರೀಕ್ಷೆ

ಮಕ್ಕಳಿಗೆ ಪರೀಕ್ಷೆ ಬಂದರೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಡುಗುವವನು ತಂದೆ. ಅದರಲ್ಲಿಯೂ ಆ ತಂದೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಾಗಿದ್ದು, ಪರೀಕ್ಷೆ ವಿಜ್ಞಾನದ್ದಾದರೆ ಅವನ ಪಾಡನ್ನು ಕೇಳುವುದೇ ಬೇಡ. ಕಳೆದ ಮಾರ್ಚಿಯ ಒಂದು ಸಂಜೆ ನನಗೆ ಈ ಪಾಡು ಬಂದೊದಗಿತು. ನಮ್ಮ ಮನೆಯಲ್ಲಿ ವಿಜ್ಞಾನ ಬಲ್ಲವಳು ನನ್ನ ಹೆಂಡತಿ. ಅವಳು ತಂಗಿಯ ಮಗುವಿನ ನಾಮಕರಣಕ್ಕೆಂದು ಭದ್ರಾವತಿಗೆ ಹೋಗಿದ್ದಳು. ಮರುದಿನ ಬೆಳಿಗ್ಗೆ ಏಳನೆಯ ತರಗತಿಯ ಮಗಳಿಗೆ ಪರೀಕ್ಷೆ. ಅವಳು ಪುಸ್ತಕವನ್ನು ತಂದು ನನ್ನೆದುರಿಗಿಟ್ಟು, "ಅಪ್ಪಾ, ಮೂರೇ ವಿಷಯ. ಕರೆಂಟು, ಸರಳ ಯಂತ್ರ, ಆಮೇಲೆ ಪ್ರಯೋಗ ಮಾಡೋ ಕ್ರಮ. ನೀನು ಕೇಳ್ತಾ ಹೋಗು, ನಾನು ಹೇಳ್ತೀನಿ" ಎಂದಳು.

ಶಿವಮೊಗ್ಗದಿಂದ ಸಾಗರದ ಕಡೆ ಹೋಗುವ ರಸ್ತೆಯಲ್ಲಿ ತ್ಯಾವರೆಕೊಪ್ಪ ನಮ್ಮ ಊರು. ಹುಲಿ ಸಿಂಹಗಳ ಧಾಮದಿಂದ ಹೆಸರಾದದ್ದು. ಊರಿನ ಹೆಸರು ಹೇಳಿದೊಡನೆ ಪರಸ್ಥಳದವರು, "ರಾತ್ರಿ ಸಿಂಹದ ಗರ್ಜನೆ ಕೇಳಿಸುತ್ತದೆಯೇ?" ಎಂದು ಕಣ್ಣರಳಿಸುವುದು ವಾಡಿಕೆ. ಅಂದು ನನಗೆ ಸಿಂಹಕ್ಕಿಂತ ಆ ತೆಳ್ಳನೆಯ ಪುಸ್ತಕವೇ ಭಯಂಕರವಾಗಿ ಕಂಡಿತು.

ಕಾರಣವಿಲ್ಲದೆ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಶುಷ್ಕಕೋಶದ ಎರಡು ತುದಿಗಳಿಗೂ ಒಂದೇ ತಂತಿಯನ್ನು ನೇರವಾಗಿ ಸೇರಿಸಿ, ನಡುವೆ ಬಲ್ಬನ್ನು ಇಡುವುದನ್ನು ಮರೆತಿದ್ದೆ. ಬೆಳಕು ಬರಲಿಲ್ಲ, ಬೆರಳು ಸುಟ್ಟಿತು. ಒಂದೂವರೆ ವೋಲ್ಟಿನ ಕೋಶ ಮನುಷ್ಯನನ್ನು ಏನೂ ಮಾಡದೆಂದು ಪುಸ್ತಕ ಹೇಳುತ್ತದೆ, ನಿಜ. ಆದರೆ ದಾರಿಯಲ್ಲಿ ತಡೆಯೆಂಬುದೇ ಇಲ್ಲದೆ ವಿದ್ಯುತ್ತು ಒಮ್ಮೆಗೇ ಹರಿದರೆ ತಂತಿ ಕಾಯದೆ ಏನು ಮಾಡೀತು? ಮೇಷ್ಟರು ನಕ್ಕರು, ತರಗತಿಯೂ ನಕ್ಕಿತು. ಆ ನಗೆಯೇ ಕಾರಣವಾಗಿ ನಾನು ಪಂಪ, ಕುಮಾರವ್ಯಾಸರ ಆಶ್ರಯಕ್ಕೆ ಓಡಿಬಂದವನು. ಇಪ್ಪತ್ತು ವರ್ಷಗಳಿಂದ ಇದನ್ನೇ ಒಂದು ನೆಪವಾಗಿ ಹೇಳಿಕೊಂಡು ಬಂದಿದ್ದೇನೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದುದಲ್ಲದೆ ಪಂಪಭಾರತವನ್ನೂ ಸಂಪಾದಿಸಿಕೊಟ್ಟರೆಂಬುದು ನೆನಪಾದಾಗಲೆಲ್ಲ ಈ ನೆಪ ಸ್ವಲ್ಪ ಅಲುಗಾಡುತ್ತದೆ.

ಮಗಳು ರಟ್ಟಿನ ಮೇಲೆ ಕೋಶ, ಬಲ್ಬು, ತಂತಿಗಳನ್ನು ಅಂಟಿಸಿ ನಡುವೆ ಒಂದು ಸಂದು ಬಿಟ್ಟಿದ್ದಳು. ಆ ಸಂದಿಗೆ ಬೀಗದ ಕೈಯಿಟ್ಟಾಗ ದೀಪ ಹತ್ತಿತು. ರಬ್ಬರು ಇಟ್ಟಾಗ ಇಲ್ಲ. ಪೆನ್ಸಿಲಿನ ಕಡ್ಡಿಯಿಟ್ಟಾಗ ಮಂಕಾಗಿ ಹತ್ತಿತು. ನಾವು ಅದನ್ನು ಸೀಸದ ಕಡ್ಡಿಯೆನ್ನುತ್ತೇವೆ, ಒಳಗೆ ಸೀಸವೇ ಇಲ್ಲ, ಇರುವುದು ಗ್ರಾಫೈಟು ಎಂದು ಅವಳೇ ನನಗೆ ತಿಳಿಸಿದಳು. ಪದಾರ್ಥವನ್ನು ಬಿಟ್ಟು ಪದವನ್ನು ಮಾತ್ರ ಹಿಡಿದುಕೊಂಡವರ ಗತಿಯೇ ಇದು.

ಕೋಣೆಯ ಇನ್ನೊಂದು ಮೂಲೆಯಲ್ಲಿ ನನ್ನ ತಾಯಿ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುತ್ತ ಕುಳಿತಿದ್ದರು. ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಉಪ್ಪು. ಕೈ ಅಲ್ಲಿದ್ದರೂ ಕಿವಿ ಇತ್ತಲೇ ಇತ್ತು. ಮಗಳು ವಿದ್ಯುತ್ತಿನ ಉತ್ಪಾದನೆಯನ್ನು ಒಪ್ಪಿಸತೊಡಗಿದಳು. ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತ ಫ್ಯಾರಡೆ 1831ರಲ್ಲಿ ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಆಡಿಸಿ ವಿದ್ಯುತ್ತನ್ನು ಹರಿಯಿಸಿದ್ದು. ನೀರು ಮೇಲಿನಿಂದ ಬಿದ್ದು ಚಕ್ರವನ್ನು ತಿರುಗಿಸಿದರೆ ಅಯಸ್ಕಾಂತವೂ ತಿರುಗುವುದು. ಜೋಗದ ಕೆಳಗೆ 1948ರಲ್ಲಿ ಆರಂಭವಾಗಿ ಮುಂದೆ 120 ಮೆಗಾವಾಟಿಗೆ ಬೆಳೆದ ಕೇಂದ್ರ, ಆಮೇಲೆ 1964ರ ಲಿಂಗನಮಕ್ಕಿ ಅಣೆಕಟ್ಟು, ಅದರ ನೀರಿನಿಂದ ಶರಾವತಿ ಕೇಂದ್ರದಲ್ಲಿ 1035 ಮೆಗಾವಾಟು. "ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ" ಎಂದು ಮಗಳು ಮುಗಿಸುವಷ್ಟರಲ್ಲಿ ಮೂಲೆಯಿಂದ, "ನಮ್ಮ ಮನೆ ಅಂಗಳ ಅದಕ್ಕಿಂತ ಎಷ್ಟೋ ಕೆಳಗಿತ್ತು" ಎಂಬ ಮಾತು ಬಂತು.

ನನ್ನ ತಾಯಿಯ ತವರು ಮುಳುಗಡೆಯಾಯಿತು. ಆಗ ಅವರಿಗೆ ಹನ್ನೊಂದು ವರ್ಷ. ಪಾತ್ರೆ, ಪೆಟ್ಟಿಗೆ, ಎರಡು ಕರು, ಉಯ್ಯಾಲೆಯ ಹಲಗೆ ಇವುಗಳೊಡನೆ ಲಾರಿಯಲ್ಲಿ ಶಿವಮೊಗ್ಗದ ಕಡೆಯ ಕಾಡಿನಂಚಿಗೆ ಬಂದಿಳಿದರು. ಕರೆಂಟಿಗಾಗಿ ಊರು ಬಿಟ್ಟುಬಂದವರ ತಲೆಯ ಮೇಲೆಯೇ ಕರೆಂಟಿನ ದೊಡ್ಡ ತಂತಿಗಳು ಹಾದುಹೋಗುತ್ತಿದ್ದವಂತೆ. ಮನೆಯೊಳಗೆ ಮಾತ್ರ ಬುಡ್ಡಿದೀಪ. ನಮ್ಮ ಮನೆಗೆ ಬಲ್ಬು ಬಂದಾಗ ನಾನು ಎರಡನೆಯ ತರಗತಿಯಲ್ಲಿದ್ದೆ. ಮಳೆ ಕಡಮೆಯಾದ ವರ್ಷಗಳ ಬೇಸಗೆಯಲ್ಲಿ ನೀರು ಇಳಿದು ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಜನ ನೋಡಲು ಹೋಗುತ್ತಾರೆ. ನನ್ನ ತಾಯಿ ಒಮ್ಮೆಯೂ ಹೋಗಲಿಲ್ಲ.

ಇರಲಿ. ಸರಳ ಯಂತ್ರಗಳಿಗೆ ಬಂದೆವು. ಇಲ್ಲಿ ನನಗೂ ಸ್ವಲ್ಪ ಧೈರ್ಯ ಬಂತು. ಏಕೆಂದರೆ ಸನ್ನೆ, ರಾಟೆ, ಬೆಣೆ, ತಿರುಪು ಎಲ್ಲವೂ ನಮ್ಮ ಹಳೆಯ ಮಾತುಗಳು. ಮಗಳದು ಇಂಗ್ಲಿಷ್ ಮಾಧ್ಯಮವಾದುದರಿಂದ ಅವಳಿಗೆ ಎಲ್ಲವೂ ಲಿವರ್. "ಕಣ್ಸನ್ನೆ ಎನ್ನುವುದಿಲ್ಲವೇ? ಅಷ್ಟು ಸಣ್ಣ ಅಲುಗಾಟದಿಂದ ದೊಡ್ಡ ಕಲ್ಲು ಏಳುವುದರಿಂದ ಅದು ಸನ್ನೆ" ಎಂದೆ. ನಿಘಂಟುಕಾರರು ಒಪ್ಪಲಾರರು, ಆದರೆ ಅವರು ಅಲ್ಲಿರಲಿಲ್ಲ. ಎರಡನೆಯ ವರ್ಗದ ಸನ್ನೆಗೆ ಉದಾಹರಣೆ ಕೇಳಿದಾಗ ತಾಯಿ ತಟ್ಟೆಯಲ್ಲಿದ್ದ ಅಡಕೆಕತ್ತರಿಯನ್ನು ಮಾತಿಲ್ಲದೆ ಈಚೆಗೆ ತಳ್ಳಿದರು. ಒಂದು ತುದಿಯಲ್ಲಿ ಕೀಲು, ಇನ್ನೊಂದು ತುದಿಯಲ್ಲಿ ಕೈ, ನಡುವೆ ಅಡಕೆ. ಅದಕ್ಕಿಂತ ಸ್ಪಷ್ಟವಾದ ಚಿತ್ರ ಪುಸ್ತಕದಲ್ಲಿಯೂ ಇರಲಿಲ್ಲ.

ಇಳಿಜಾರಿನ ಪ್ರಯೋಗವನ್ನು ಮಾಡಿಯೇ ನೋಡಬೇಕೆಂದು ಮಗಳು ಹಟ ಹಿಡಿದಳು. ಹಲಗೆ ಉದ್ದವಾದಷ್ಟೂ ಅದೇ ಎತ್ತರಕ್ಕೆ ಭಾರವನ್ನು ಎಳೆಯುವುದು ಸುಲಭ. ಉಜ್ಜಾಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಂದು ಅಡಿಯೆತ್ತರಕ್ಕೆ ಮೂರು ಅಡಿಯ ಹಲಗೆಯಿಟ್ಟಾಗ ಮೂರನೆಯ ಒಂದು ಪಾಲು ಬಲ ಸಾಕು, ಆದರೆ ಎಳೆಯಬೇಕಾದ ದೂರ ಮೂರು ಪಾಲು. ಎತ್ತರಕ್ಕೆಂದು ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳಲ್ಲಿ ಮೂರನ್ನು ಒಂದರ ಮೇಲೊಂದು ಇಟ್ಟೆವು. ಅವು ನಮ್ಮ ಮನೆಯಲ್ಲಿ ವಿಜ್ಞಾನಕ್ಕೆ ಉಪಯೋಗವಾದದ್ದು ಅದೇ ಮೊದಲು. ಬಟ್ಟೆ ಸುತ್ತಿದ ಇಟ್ಟಿಗೆಗೆ ಒಂದು ರಬ್ಬರ್ ಬ್ಯಾಂಡು ಕಟ್ಟಿ, ಅದು ಎಷ್ಟು ಹಿಗ್ಗುವುದೆಂದು ಅಳತೆಪಟ್ಟಿಯಿಂದ ಅಳೆಯುವುದು. ಗಿಡ್ಡ ಹಲಗೆಗೆ ಅಟ್ಟದ ಮೇಲಿದ್ದ ಪೆಟ್ಟಿಗೆಯ ಮುಚ್ಚಳ. ಉದ್ದ ಹಲಗೆಗೆ ಆ ಮುಳುಗಡೆಯ ಉಯ್ಯಾಲೆಯದೇ. ಸೋದರಮಾವ ಹೊಸ ಮನೆ ಕಟ್ಟಿದಾಗ ನಮಗೆ ಕೊಟ್ಟದ್ದು. ಗಿಡ್ಡದರ ಮೇಲೆ ಬ್ಯಾಂಡು ಒಂಬತ್ತು ಸೆಂಟಿಮೀಟರು ಹಿಗ್ಗಿತು, ಉದ್ದದರ ಮೇಲೆ ನಾಲ್ಕು. "ಸಿದ್ಧವಾಯ್ತು!" ಎಂದು ಮಗಳು ಬರೆದುಕೊಳ್ಳಹೊರಟಳು. ನಾನೂ ತಲೆಯಾಡಿಸಿದೆ.

"ಎಂಥ ಸಿದ್ಧ ಮಾರಾಯ್ತಿ?" ಎಂದರು ತಾಯಿ. "ಆ ಮುಚ್ಚಳ ಮೈಯೆಲ್ಲ ಸಿಬರು. ಇದರ ಮೇಲೆ ಮೂರು ತಲೆಮಾರು ಕೂತು ತೂಗಿ ನುಣುಪು ಮಾಡಿದ್ದಾರೆ. ಸುಲಭ ಆದದ್ದು ಉದ್ದದಿಂದಲೋ ನುಣುಪಿನಿಂದಲೋ, ನಿನಗೆ ಹೆಂಗೆ ಗೊತ್ತು?"

ಮಗಳು ಪುಸ್ತಕದ ಕೊನೆಯ ಪಾಠವನ್ನು ತೆಗೆದಳು. ಅಲ್ಲಿದ್ದುದು ಇದೇ ಮಾತು: ಒಂದು ಪ್ರಯೋಗದಲ್ಲಿ ಒಂದನ್ನೇ ಬದಲಾಯಿಸಬೇಕು, ಉಳಿದುದೆಲ್ಲವೂ ಇದ್ದಂತೆಯೇ ಇರಬೇಕು, ಆಗ ಮಾತ್ರ ಅದು ಫೇರ್ ಟೆಸ್ಟ್. ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದಳು. "ನ್ಯಾಯವಾದ ಪರೀಕ್ಷೆ" ಎಂದೆ. "ಹಂಗಾದ್ರೆ ನಾಳೆ ಇರೋದು?" ಎಂದಳು. ಇದಕ್ಕೆ ನಾನು ಅಧ್ಯಾಪಕನಾಗಿ ಉತ್ತರ ಕೊಡಲಿಲ್ಲ.

ಮೂರನೆಯ ತರಗತಿಗೇ ಶಾಲೆ ಬಿಟ್ಟ ನನ್ನ ತಾಯಿಗೆ ಈ ನ್ಯಾಯ ಎಲ್ಲಿಂದ ಬಂತು? ಭರಣಿಯಿಂದ. ಬಹಳ ವರ್ಷಗಳ ಹಿಂದೆ ಒಮ್ಮೆ ಮಿಡಿಯೆಲ್ಲ ಮೆತ್ತಗಾಗಿ ಹಾಳಾಯಿತಂತೆ. ಆ ವರ್ಷ ಉಪ್ಪೂ ಬೇರೆ, ಮರವೂ ಬೇರೆ. ಅಕ್ಕಪಕ್ಕದವರಲ್ಲಿ ಕೆಲವರು ಮರವನ್ನು ಬೈದರು, ಕೆಲವರು ಉಪ್ಪನ್ನು. ಮರುವರ್ಷ ತಾಯಿ ಒಂದೇ ಮರದ ಮಿಡಿಯನ್ನು ಒಂದೇ ದಿನ ಕೊಯ್ಯಿಸಿ, ಒಂದೇ ಅಳತೆಯ ಎರಡು ಭರಣಿಗಳಲ್ಲಿ ಹಾಕಿದರು. ಒಂದಕ್ಕೆ ಹರಳುಪ್ಪು, ಇನ್ನೊಂದಕ್ಕೆ ಪುಡಿಯುಪ್ಪು. ಪುಡಿಯುಪ್ಪಿನದು ಕೆಟ್ಟಿತು. "ಒಂದೇ ಸಲ ಮಾಡಿ ನಂಬಲಿಲ್ಲ, ಅದರ ಮರುವರ್ಷವೂ ಹಂಗೇ ಮಾಡಿದೆ" ಎಂದರು. ಎರಡನೆಯ ಸಲವೂ ಮಾಡಿ ನೋಡಬೇಕೆಂಬುದು ಪುಸ್ತಕದಲ್ಲಿ ಮುಂದಿನ ಪುಟದಲ್ಲಿತ್ತು.

ಉಯ್ಯಾಲೆಯ ಹಲಗೆಯೊಂದನ್ನೇ ಇಟ್ಟುಕೊಂಡು, ಮೊದಲು ಅದರ ತುದಿಯನ್ನೂ ಆಮೇಲೆ ಅದರ ನಡುವನ್ನೂ ನಿಘಂಟಿನ ಅಂಚಿಗೆ ಆನಿಸಿ, ಇಟ್ಟಿಗೆಯನ್ನು ಎರಡು ಸಲವೂ ಅಷ್ಟೇ ಎತ್ತರಕ್ಕೆ ಎಳೆದೆವು. ಈ ಬಾರಿ ಗಿಡ್ಡದಾರಿಗೆ ಏಳು, ಉದ್ದದಾರಿಗೆ ನಾಲ್ಕು. ವ್ಯತ್ಯಾಸ ಉಳಿಯಿತು, ಆದರೆ ಮೊದಲಿನಷ್ಟಲ್ಲ. ಒಂಬತ್ತರಿಂದ ಏಳಕ್ಕೆ ಇಳಿದ ಆ ಎರಡು ಸೆಂಟಿಮೀಟರು ಮೂರು ತಲೆಮಾರಿನವರದು.

ಮಗಳು ಹಲಗೆಯನ್ನು ಒರೆಸಿ ಗೋಡೆಗೆ ಒರಗಿಸುತ್ತ ಇದ್ದಕ್ಕಿದ್ದಂತೆ ಕೇಳಿದಳು: "ಅಜ್ಜೀ, ಊರು ಮುಳುಗದೇ ಇದ್ದಿದ್ರೆ ನಿಂಗೆ ಚೆನ್ನಾಗಿರ್ತಿತ್ತಾ?"

ನಾನು ಅವಳನ್ನು ತಡೆಯಬೇಕೆಂದುಕೊಂಡೆ. ನಾನೇ ನಲವತ್ತು ವರ್ಷ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ಅದು. ಅಲ್ಲೇ ಇದ್ದಿದ್ದರೆ ಗದ್ದೆಯಿರುತ್ತಿತ್ತು, ತೋಟವಿರುತ್ತಿತ್ತು; ಹಕ್ಕುಪತ್ರಕ್ಕಾಗಿ ಮುಳುಗಡೆಯವರು ಇವತ್ತಿಗೂ ಅಲೆಯುವಂತೆ ಅಲೆಯಬೇಕಾಗಿರಲಿಲ್ಲ. ಇಲ್ಲಿಗೆ ಬಂದುದರಿಂದ ಶಿವಮೊಗ್ಗ ಹತ್ತಿರವಾಯಿತು, ನಾನು ಎಂ.ಎ. ಓದಿದೆ. ಈ ಎರಡನ್ನೂ ನಾನು ಎಷ್ಟೋ ಸಲ ಮನಸ್ಸಿನಲ್ಲಿ ತೂಗಿದ್ದೇನೆ. ಆದರೆ ಬದಲಾದದ್ದು ಊರೊಂದೇ ಅಲ್ಲವಲ್ಲ. ಕಾಲ, ಬೆಳೆ, ರಸ್ತೆ, ನೆಂಟರು, ವಯಸ್ಸು, ಎಲ್ಲವೂ ಒಟ್ಟಿಗೇ.

ತಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಗಂಟನ್ನು ಬಿಗಿದರು. "ಅದನ್ನ ಹೇಳಬೇಕಂದ್ರೆ ಎರಡು ನಾನು ಬೇಕಿತ್ತಲ್ಲೇ ಕೂಸೇ. ಒಬ್ಬಳನ್ನ ಅಲ್ಲೇ ಬಿಟ್ಟು, ಒಬ್ಬಳನ್ನ ಲಾರಿ ಹತ್ತಿಸಬೇಕಿತ್ತು" ಎಂದರು. ಆಮೇಲೆ, "ಹೊತ್ತಾಯ್ತು, ಬೆಳಿಗ್ಗೆ ಬೇಗ ಏಳ್ಬೇಕು" ಎಂದು ದೀಪ ಆರಿಸಲು ಎದ್ದರು.

ಮರುದಿನ ಮಧ್ಯಾಹ್ನ ಬಸ್ಸಿಳಿದು ಬಂದ ಮಗಳನ್ನು ಪ್ರಶ್ನೆಪತ್ರಿಕೆ ಹೇಗಿತ್ತೆಂದು ಕೇಳಿದೆ. ನ್ಯಾಯವಾದ ಪ್ರಯೋಗಕ್ಕೆ ಉದಾಹರಣೆ ಕೊಡಿರೆಂದು ನಾಲ್ಕು ಅಂಕದ ಪ್ರಶ್ನೆಯೇ ಬಂದಿತ್ತಂತೆ. ಹಲಗೆ, ಇಟ್ಟಿಗೆ, ರಬ್ಬರ್ ಬ್ಯಾಂಡು ಎಲ್ಲವನ್ನೂ ಬಿಟ್ಟು ಅವಳು ಎರಡು ಭರಣಿಗಳ ಚಿತ್ರ ಬರೆದು, ಹರಳುಪ್ಪು ಪುಡಿಯುಪ್ಪುಗಳನ್ನು ಗುರುತುಮಾಡಿ ಬಂದಿದ್ದಳು. ಅಪ್ಪೆಮಿಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ತಿಳಿಯದೆ ಅಪ್ಪೆಮಿಡಿ ಎಂದೇ ಬರೆದಳಂತೆ.