ಹಿಮದ ಟೈರು, ಪಾಚಿಯ ದಾರಿ

ಫಿನ್ಲೆಂಡಿನಲ್ಲಿ ಔಲು ಅಂತ ಒಂದು ಊರಿದೆ. ಹಿಮ ಬಿದ್ದರೂ ಅಲ್ಲಿನ ಜನ ಸೈಕಲ್ ಹೊಡೆಯೋದು ನಿಲ್ಲಿಸೋದಿಲ್ಲ. ಚಳಿಗಾಲದ ಸೈಕಲ್ ಸವಾರಿ ಬಗ್ಗೆನೇ 2013ರಲ್ಲಿ ಅಲ್ಲೊಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಸೊರಬದವನಿಗೆ ಈ ಹಿಮದ ಉಸಾಬರಿ ಯಾಕಪ್ಪಾ ಅಂತೀರಾ?

ಕಾರಣ ಇದೆ. ಹೋದ ಮಳೆಗಾಲದಲ್ಲಿ ಅಪ್ಪ ಡೈರಿಗೆ ಹಾಲು ಒಯ್ಯುವಾಗ ಮನೆ ಹತ್ತಿರದ ಇಳಿಜಾರಲ್ಲಿ ಜಾರಿ ಬಿದ್ದ. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಅವನಿಗೀಗ ಅರವತ್ತೆರಡು. ಬೈಕ್ ಕಲಿಯೋಲ್ಲ, ಸೈಕಲ್ ಬಿಡೋಲ್ಲ. "ಮುಂದಿನ ಸಲ ಸೊಂಟ ಮುರಿದ್ರೆ ಎಂತ ಮಾಡೋದು?" ಅಂತ ಅಮ್ಮ ಕೇಳಿದ್ದು ಬೆಂಗಳೂರಿನ ತನಕ ನನ್ನ ಜೊತೆ ಬಂತು. ಅತ್ತ ಶಿಕಾರಿಪುರದ ಕಡೆ ಕೊಟ್ಟ ಅಕ್ಕನ ಮಗಳು ಈಗ ಒಂಬತ್ತನೇ ಕ್ಲಾಸು, ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್. 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ನನಗೆ ಎಂಟನೇ ಕ್ಲಾಸಲ್ಲಿ ಸಿಕ್ಕಿತ್ತು. ಅವಳ ಪಾಲಿಗೆ ಅದು ಬರಲಿಲ್ಲ. ಹಾಗಾಗಿ ಎರಡು ಸೈಕಲ್ ಆರಿಸೋ ಕೆಲಸ ನನ್ನ ತಲೆಗೆ ಬಂತು.

ಜಾರೋ ದಾರಿಗೆ ಯಾವ ಟೈರು ಅಂತ ಹುಡುಕಿದರೆ ಸಿಗೋದೆಲ್ಲ ಹಿಮದ ವಿಚಾರವೇ. ಓದ್ತಾ ಓದ್ತಾ ಒಂದು ವಿಷಯ ಹೊಳೀತು. ಹಿಮ ಬೇರೆ, ಮಂಜುಗಡ್ಡೆ ಬೇರೆ. ಹಿಮ ಮೆತ್ತಗೆ, ಟೈರಿನ ಉಬ್ಬುಗಳು ಒಳಗಿಳಿದು ಹಿಡಿತ ಕೊಡ್ತವೆ. ಮಂಜುಗಡ್ಡೆ ಗಟ್ಟಿ, ಉಬ್ಬು ಇಳಿಯೋಕೆ ಜಾಗವೇ ಇಲ್ಲ. ಅದಕ್ಕೇ ಅಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ಮೊಳೆ ಹುದುಗಿಸಿದ ಟೈರು ಹಾಕ್ತಾರೆ, ಒಂದೊಂದಕ್ಕೆ ನೂರು, ಇನ್ನೂರು ಮೊಳೆ. ನಮ್ಮಲ್ಲೂ ಇದೇ ಲೆಕ್ಕ ಮಾರಾಯ್ರೇ! ಶಿಕಾರಿಪುರದ ಗದ್ದೆದಾರಿಯ ಅಂಟುಕೆಸರು ಹಿಮದ ಜಾತಿ. ಸೊರಬದ ಜಂಬಿಟ್ಟಿಗೆ ಕಲ್ಲಿನ ಮೇಲಿನ ಪಾಚಿ ಮಂಜುಗಡ್ಡೆಯ ಜಾತಿ. ಎರಡಕ್ಕೂ ಒಂದೇ ಟೈರು ಆಗೋದಿಲ್ಲ.

ಅಕ್ಕನ ಮಗಳು ನಾಲ್ಕಿಂಚು ಅಗಲದ ಟೈರಿನ ದೈತ್ಯ ಸೈಕಲ್ಲಿನ ಫೋಟೋ ಕಳಿಸಿ "ಮಾಮಾ, ಇದೇ ಬೇಕು" ಅಂದಳು. ಅದು ಹಿಮದ ಮೇಲೆ, ಮರಳಿನ ಮೇಲೆ ಹುಗಿಯದೆ ಹೋಗಲಿ ಅಂತ ಮಾಡಿದ್ದು. ಅಂಟುಮಣ್ಣಲ್ಲಿ ಅಷ್ಟಗಲದ ಚಕ್ರ ಅಷ್ಟೇ ಮಣ್ಣು ಹೊರುತ್ತೆ. ಅವಳಿಗೆ ಆರಿಸಿದ್ದು 26×1.95 ಟೈರು, ದೂರ ದೂರ ಉಬ್ಬುಗಳಿರೋದು. ಉಬ್ಬು ಒತ್ತೊತ್ತಾಗಿದ್ದರೆ ಸಂದಿಯಲ್ಲಿ ಕೆಸರು ತುಂಬಿ ಟೈರು ನುಣ್ಣಗಾಗಿಬಿಡುತ್ತೆ. ಮಡ್‌ಗಾರ್ಡು ಟೈರಿನಿಂದ ಎರಡು ಬೆರಳಾದರೂ ಮೇಲಿರಬೇಕು, ಇಲ್ಲಾಂದ್ರೆ ಕೆಸರು ಸಿಕ್ಕಿ ಚಕ್ರವೇ ತಿರುಗೋಲ್ಲ. ರಿಮ್ಮಿಗೆ ಒತ್ತೋ ಬ್ರೇಕಿಗೂ ಕೆಸರು ಮೆತ್ತುತ್ತೆ, ಆದ್ದರಿಂದ ಡಿಸ್ಕ್.

ಅಪ್ಪನದು ಕಷ್ಟದ ಕೇಸು. ಅವನ ಕರಿ ಸೈಕಲ್ಲಿನ ಟೈರು 28×1½, ಸ್ಟೀಲ್ ರಿಮ್ಮು, ಸರಳಿನ ಬ್ರೇಕು. ಒದ್ದೆಯಾದ ಸ್ಟೀಲ್ ರಿಮ್ಮಿನಲ್ಲಿ ಬ್ರೇಕ್ ಹಿಡಿಯೋದು ಅಷ್ಟಕ್ಕಷ್ಟೆ. ಮೊಳೆ ಟೈರು ತರಿಸೋಣ ಅಂದರೆ ಅದು ಮಂಜುಗಡ್ಡೆಗೆ ಕಚ್ಚುತ್ತೆ, ಕಲ್ಲಿಗೆ ಕಚ್ಚೋಲ್ಲ, ಉಲ್ಟಾ ಜಾರುತ್ತೆ. ಎತ್ತರದ ಉಬ್ಬೂ ಬೇಡ. ಕಲ್ಲಿಗೆ ಎಷ್ಟು ರಬ್ಬರು ತಾಗುತ್ತೋ ಅಷ್ಟು ಒಳ್ಳೇದು. ಸಣ್ಣ ಅಚ್ಚಿನ, ಮೆತ್ತನೆ ರಬ್ಬರಿನ ಟೈರು ಹಾಕಿಸಿದೆ. ಕಾರಿನ ಹಾಗೆ ನೀರಿನ ಮೇಲೆ ತೇಲೋ ಭಯ ಸೈಕಲ್ಲಿಗಿಲ್ಲ. 40 ಪಿಎಸ್‌ಐ ಗಾಳಿಯ ಟೈರು ತೇಲಬೇಕಾದರೆ ಗಂಟೆಗೆ ನೂರು ಕಿಲೋಮೀಟರ್ ವೇಗ ಬೇಕಂತೆ. ಅಪ್ಪನದು ಎಂಟು :-)

ಇಬ್ಬರಿಗೂ ಹೇಳಿದ್ದು ಇಷ್ಟು. ಟೈರಿನ ಮೈಮೇಲೆ ಗಾಳಿಯ ಕನಿಷ್ಠ, ಗರಿಷ್ಠ ಬರೆದಿರುತ್ತೆ, ಮಳೆಗಾಲದಲ್ಲಿ ಕನಿಷ್ಠದ ಹತ್ತಿರ ಇಡಿ. ಒಳ್ಳೆ ಟೈರು ಮುಂದಿರಲಿ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಎರಡೂ ಕಾಲು ನೆಲಕ್ಕೆ ತಾಗುವಷ್ಟು ಸೀಟು ಇಳಿಸಿ. ಹಾಲಿನ ಕ್ಯಾನು ಹ್ಯಾಂಡಲ್ಲಿಗೆ ನೇತುಹಾಕಬೇಡಿ, ಹಿಂದೆ ತಗ್ಗಿನಲ್ಲಿ ಕಟ್ಟಿ. ಪಾಚಿ ಮೇಲೆ ಮುಂದಿನ ಬ್ರೇಕು ಮುಟ್ಟಲೇಬೇಡಿ.

ಎಲ್ಲ ಕೇಳಿಸಿಕೊಂಡು ಅಪ್ಪ, "ತಮ್ಮಾ, ಆ ಇಳಿಜಾರಲ್ಲಿ ಇಳಿದು ತಳ್ಳಿದ್ರೆ ಯಾವ ಟೈರಾದ್ರೆ ಎಂತ?" ಅಂದ. ಆ ಇಪ್ಪತ್ತು ಮಾರಿಗೆ ಅವನ ಮಾತೇ ಸರಿ. ಅಲ್ಲಿ ನಂಬಬಹುದಾದ ಟೈರು ನನಗಂತೂ ಸಿಗಲಿಲ್ಲ. ಮಂಜುಗಡ್ಡೆಗೆ ಅವರು ಉಪ್ಪು, ಜಲ್ಲಿಪುಡಿ ಎರಚ್ತಾರೆ. ನಾವು ಪಾಚಿ ಕೆರೆಸಿ, ಬ್ಲೀಚಿಂಗ್ ಪೌಡರ್ ಹಾಕಿ, ಪಕ್ಕದಲ್ಲಿ ನಡೆಯೋಕೆ ಅಡಿಕೆ ದಬ್ಬೆ ಹಾಸಿದ್ವಿ. ಜುಲೈ ಕಳೀತು, ಆಗಸ್ಟೂ ಕಳೀತು. ಅಪ್ಪ ದಿನಾ ಡೈರಿಗೆ ಹೋಗಿ ಬರ್ತಿದಾನೆ, ಆ ಇಪ್ಪತ್ತು ಮಾರು ಸೈಕಲ್ ತಳ್ಳಿಕೊಂಡು.

ನಿಮ್ಮೂರ ಕಡೆ ಪಾಚಿಗೆ ಎಂತ ಮಾಡ್ತೀರಿ? ಬೇರೆ ಉಪಾಯ ಗೊತ್ತಿದ್ರೆ ಹೇಳಿ, ಮುಂದಿನ ಮಳೆಗಾಲಕ್ಕಾಯ್ತು.