ನೂರು ಸಲ ಹೇಳಿದ ಮಾತು

"ಅಣ್ಣಾ, ಎಡಗಣ್ಣು ಮುಚ್ಚಿದ್ರ ಇಳಕಲ್ ಸೀರಿ ಕೆಂಪ್ಗೆ ಕಾಣಸ್ತದ. ಬಲಗಣ್ಣು ಮುಚ್ಚಿದ್ರ ಅದೇ ಸೀರಿ ಮಾಸಿದಂಗ ಕಾಣಸ್ತದ."

ಮುದ್ದೇಬಿಹಾಳದಿಂದ ತಂಗಿ ಫೋನಿನಲ್ಲಿ ಇದನ್ನು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಮೊದಲ ವಾರ ಕಣ್ಣು ಹೊರಳಿಸಿದರೆ ನೋವೂ ಇತ್ತಂತೆ. ಆದರೆ ಕಣ್ಣಿನ ಪರೀಕ್ಷೆಯಲ್ಲಿ ಬೋರ್ಡಿನ ಕೊನೇ ಸಾಲಿನವರೆಗೂ ಓದಿಬಿಟ್ಟಳು. ಅಲ್ಲಿಗೆ ಮುಗಿಯಿತು. "ಕೆಲಸ ತಪ್ಪಿಸ್ಕೊಳ್ಳಾಕ ನೆವ" ಅಂದರು ಮನೆಯವರು. ನಾನು ಮೀಟಿಂಗಿನ ಗಡಿಬಿಡಿಯಲ್ಲಿ "ಮೊಬೈಲ್ ನೋಡೋದು ಕಮ್ಮಿ ಮಾಡು" ಅಂತ ಫೋನಿಟ್ಟಿದ್ದೆ.

ಕೊನೆಗೂ ಬೆಂಗಳೂರಿಗೆ ಕರೆಸಿಕೊಂಡೆ. ನರರೋಗ ತಜ್ಞರು ವಿಇಪಿ ಪರೀಕ್ಷೆ ಬರೆದುಕೊಟ್ಟರು. ತಲೆಗೆ ಎಣ್ಣೆ ಹಚ್ಚದೆ ಬರಬೇಕು ಅಂದರು. ತಂಗಿಗೆ ಅದೇ ದೊಡ್ಡ ಸಂಕಟ. ಎಲೆಕ್ಟ್ರೋಡ್ ಅಂಟಿಸಿದ್ದು ತಲೆಯ ಹಿಂಭಾಗಕ್ಕೆ. ಕಣ್ಣು ಮುಂದಿದ್ದರೂ ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ವಿಶುವಲ್ ಕಾರ್ಟೆಕ್ಸ್ ಇರುವುದು ಅಲ್ಲಿ. ಎದುರಿನ ಪರದೆಯಲ್ಲಿ ಚದುರಂಗದ ಮನೆಗಳು. ಕಪ್ಪು ಬಿಳಿಯಾಗುತ್ತೆ, ಬಿಳಿ ಕಪ್ಪಾಗುತ್ತೆ, ಸೆಕೆಂಡಿಗೆ ಎರಡು ಸಲ. ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡುತ್ತ ಕೂರಬೇಕು. ಏನು ಕಾಣಿಸ್ತು ಅಂತ ಯಾರೂ ಕೇಳುವುದಿಲ್ಲ.

ಮನೆಗಳು ಬದಲಾದ ಸುಮಾರು 100 ಮಿಲಿಸೆಕೆಂಡಿಗೆ ಕಾರ್ಟೆಕ್ಸಿನಲ್ಲಿ ಒಂದು ಅಲೆ ಏಳುತ್ತದೆ. ಪಿ100 ಅಂತ ಅದರ ಹೆಸರು. ಕೆಲವೇ ಮೈಕ್ರೋವೋಲ್ಟಿನದು, ಮಿದುಳಿನ ಉಳಿದ ಗದ್ದಲದಲ್ಲಿ ಒಂದೇ ಸಲಕ್ಕೆ ಸಿಗುವುದಿಲ್ಲ. ಹಾಗಾಗಿ ನೂರು ಸಲ ತೋರಿಸಿ ಸರಾಸರಿ ತೆಗೆಯುತ್ತಾರೆ. ಗದ್ದಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಲೆ ಹಾಗೇ ಉಳಿಯುತ್ತದೆ. ನಾವು ಸಿಗ್ನಲ್ ಪ್ರೊಸೆಸಿಂಗ್ ಕ್ಲಾಸಿನಲ್ಲಿ ಕಲಿತು ಮರೆತ ಲೆಕ್ಕವೇ.

ಬಲಗಣ್ಣು 102 ಮಿಲಿಸೆಕೆಂಡ್. ಎಡಗಣ್ಣು 137.

ಕಣ್ಣಿನ ನರಕ್ಕೆ ಉರಿಯೂತ ಬಂದು ಹೋಗಿದೆ ಅಂದರು ಡಾಕ್ಟರು. ನರದ ಮೇಲಿನ ಮಯಲಿನ್ ಹೊದಿಕೆ ಹಾಳಾದರೆ ಸುದ್ದಿ ತಡವಾಗಿ ತಲುಪುತ್ತದೆ. ದೃಷ್ಟಿ ಮರಳಿದರೂ ಆ ತಡ ಸಾಮಾನ್ಯವಾಗಿ ಉಳಿದುಬಿಡುತ್ತದೆ. ಲಂಡನ್ನಿನಲ್ಲಿ ಹ್ಯಾಲಿಡೇ, ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು 1972ರಲ್ಲೇ ಇದನ್ನು ತೋರಿಸಿದ್ದರಂತೆ. ನಮ್ಮ ಐಐಎಸ್‌ಸಿಯಲ್ಲೂ ಇಂಥ ಅಳತೆ ನಡೆಯುತ್ತಿದೆ. ಸುಪ್ರತಿಮ್ ರೇ ಅವರ ತಂಡ 50 ದಾಟಿದವರಿಗೆ ಗೆರೆಗಳ ಚಿತ್ರ ತೋರಿಸಿ ಮಿದುಳಿನ ಗಾಮಾ ಅಲೆಗಳನ್ನು ಅಳೆಯಿತು. ವಯಸ್ಸಾದಂತೆ ಅವು ಕುಗ್ಗುತ್ತವೆ ಅಂತ 2020ರಲ್ಲಿ ಪ್ರಕಟಿಸಿತು. ನೋಡುವವರಿಗೇ ಗೊತ್ತಾಗದ ಬದಲಾವಣೆ ಅದು.

ತಂಗಿಗೆ ಮಾತ್ರ ಮೊದಲೇ ಗೊತ್ತಿತ್ತು. ರಿಪೋರ್ಟು ಕೈಯಲ್ಲಿ ಹಿಡಿದು ಕೇಳಿದಳು: "ಈಗರ ಖರೆ ಅನಸ್ತೇನು, ಅಣ್ಣಾ?"

ಉತ್ತರ ಹೊಳೆಯಲಿಲ್ಲ. ಅವಳೂ ನೂರು ಸಲ ಹೇಳಿದ್ದಳು, ಪ್ರತಿ ಸಲವೂ ಅದೇ ಮಾತು. ಗದ್ದಲ ಇದ್ದದ್ದು ನಮ್ಮ ಕಡೆ. ನೂರು ಸಲವೂ ಕೇಳಿಸಿಕೊಳ್ಳುವ ತಾಳ್ಮೆ ಆ ಯಂತ್ರಕ್ಕಿತ್ತು.

ಈಗ ಮುದ್ದೇಬಿಹಾಳದ ಫೋನ್ ಬಂದರೆ ಮೀಟಿಂಗಿನಿಂದ ಎದ್ದು ಹೊರಗೆ ಹೋಗುತ್ತೇನೆ.