ಶರಾವತಿ ಕಡಲು ಸೇರುವಲ್ಲಿ ಒಂದು ಬಿಡುವು

ಸಾಗರದವರಾದ ನಮಗೆ ಸಮುದ್ರ ದೂರವೇನಲ್ಲ. ತಾಳಗುಪ್ಪ ದಾಟಿ, ಜೋಗದ ತಿರುವು ಬಿಟ್ಟು, ಮಾವಿನಗುಂಡಿಯಿಂದ ಮಾಲೆಮನೆ ಘಟ್ಟ ಇಳಿದರೆ ಗೇರುಸೊಪ್ಪ. ಅಲ್ಲಿಂದ ಹೊಳೆಯ ಮಗ್ಗುಲಲ್ಲೇ ಸಾಗುವ ದಾರಿ ಹೊನ್ನಾವರ ಮುಟ್ಟಿಸುತ್ತದೆ. ಎಲ್ಲ ಸೇರಿ ಸುಮಾರು 90 ಕಿಲೋಮೀಟರ್. ಆದರೂ ನಾವು ಹೊನ್ನಾವರಕ್ಕೆ ಹೋಗಿದ್ದೆಲ್ಲ ಬೇರೆಲ್ಲಿಗೋ ಹೋಗುವ ದಾರಿಯಲ್ಲಿ. ಗೋಕರ್ಣಕ್ಕೆ, ಮುರುಡೇಶ್ವರಕ್ಕೆ, ಕೊಲ್ಲೂರಿಗೆ ಹೋಗುವಾಗ ಊಟಕ್ಕೆ ನಿಂತು, ಸೇತುವೆ ಮೇಲಿಂದ ಹೊಳೆ ನೋಡಿ ಮುಂದೆ ಹೋಗುತ್ತಿದ್ದೆವು. ಈ ಸಲ ಜನವರಿಯ ಕೊನೆಯಲ್ಲಿ ರಜೆಗಳು ಒಟ್ಟಿಗೆ ಬಂದಾಗ ನಾನು ಹಠ ಹಿಡಿದೆ: ಸುತ್ತುವುದು ಬೇಡ, ಒಂದೇ ಕಡೆ ಇರೋಣ, ಅದೂ ಹೊನ್ನಾವರದಲ್ಲೇ.

ಹಠಕ್ಕೆ ಕಾರಣ ಇತ್ತು. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು. ಮಗಳಿಗೆ ಒಂಬತ್ತು, ನೀರು ಕಂಡರೆ ನಿಲ್ಲುವವಳಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ತೀರಿಕೊಂಡ ಸುದ್ದಿ ಓದಿದ ದಿನದಿಂದ ಮಗಳನ್ನು ಸಮುದ್ರಕ್ಕೆ ಕರೆದೊಯ್ಯುವ ಮಾತು ಬಂದರೆ ನನ್ನ ಹೊಟ್ಟೆಯಲ್ಲಿ ಸಂಕಟ. ಹಾಗೆಂದು ಕಡಲನ್ನೇ ತೋರಿಸದೆ ಬೆಳೆಸುವುದು ಸರಿಯೇ? ಒಂದೇ ದಿನದಲ್ಲಿ ನಾಲ್ಕು ಊರು ಮುಗಿಸುವ ಅವಸರದಲ್ಲಿ ಯಾರಿಗೂ ದಡದವರನ್ನು ಒಂದು ಮಾತು ಕೇಳುವ ಪುರುಸೊತ್ತು ಇರುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಬಸ್ಸಿನಿಂದ ಇಳಿದು ನೇರ ನೀರಿಗೆ ಓಡುವವರನ್ನು ನಾನೇ ಎಷ್ಟು ಸಲ ನೋಡಿದ್ದೇನೆ.

ಇನ್ನೊಂದು ಕಾರಣ ಅಮ್ಮನದು. ಅವಳ ತವರು ಮುಳುಗಡೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವಳು ಇನ್ನೂ ಹುಡುಗಿ. ಅಂಬುತೀರ್ಥದಲ್ಲಿ ಹುಟ್ಟಿ ಕಡಲು ಸೇರುವವರೆಗೆ ಶರಾವತಿಯ ಉದ್ದ 128 ಕಿಲೋಮೀಟರ್ ಅಷ್ಟೆ. ಆ ಪುಟ್ಟ ಹೊಳೆ ನಾಡಿಗೆಲ್ಲ ಬೆಳಕು ಕೊಟ್ಟಿತು, ಅಮ್ಮನ ಗದ್ದೆ ತೋಟಗಳನ್ನು ತನ್ನೊಳಗೆ ಇಟ್ಟುಕೊಂಡಿತು. ಅಮ್ಮ ನೋಡಿದ್ದು ಹಿನ್ನೀರನ್ನೇ. ಜೋಗದಲ್ಲಿ 253 ಮೀಟರ್ ಧುಮುಕಿ, ವಿದ್ಯುದಾಗಾರಗಳನ್ನು ಹಾದು, ಗೇರುಸೊಪ್ಪದ ಕಟ್ಟೆಯನ್ನೂ ದಾಟಿದ ಮೇಲೆ ಆ ಹೊಳೆ ಏನಾಗುತ್ತದೆ ಎಂದು ಒಂದು ಕಡೆ ಕೂತು ನೋಡಿದವಳಲ್ಲ.

ದಾರಿಯಲ್ಲಿ ಗೇರುಸೊಪ್ಪದ ಚತುರ್ಮುಖ ಬಸದಿಗೆ ಹೋಗುವ ಆಸೆ ನನ್ನ ಗಂಡನಿಗೆ. ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿ ಎನ್ನಿಸಿಕೊಂಡ ಚೆನ್ನಭೈರಾದೇವಿ ಆಳಿದ ನೆಲ ಅದು. ಆದರೆ ಬಸದಿ ಕಾಡಿನ ನಡುವೆ ಇದೆ, ಜನವರಿ ಎಂದರೆ ಉಣುಗು ಏಳುವ ಕಾಲ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನ ಸುತ್ತ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮಾಡಿದ ಹಾವಳಿಯನ್ನು ಹತ್ತಿರದಿಂದ ಕಂಡವರು ಈ ತಿಂಗಳುಗಳಲ್ಲಿ ಸುಮ್ಮನೆ ಕಾಡು ಹೊಗುವುದಿಲ್ಲ. ಮಳೆ ಬಿದ್ದು ನೆಲ ತೊಯ್ದ ಮೇಲೆ ಬರುವುದೆಂದು ಮಾತಾಡಿಕೊಂಡು ಮುಂದೆ ಹೋದೆವು.

ನಾವು ಉಳಿದದ್ದು ಹೊಳೆಯ ತೆಂಕಣ ದಡದ ಕಾಸರಕೋಡಿನಲ್ಲಿ, ಹೆದ್ದಾರಿಯಿಂದ ಒಳಗೆ, ತೆಂಗಿನ ತೋಟದ ನಡುವಿನ ಒಂದು ಮನೆಯಲ್ಲಿ. ಮನೆಯವರು ಮುಂದಿನ ಭಾಗದಲ್ಲಿ ಇರುತ್ತಾರೆ, ಹಿಂದಿನ ಎರಡು ಕೋಣೆ ಬಂದವರಿಗೆ. ತೋಟದಾಚೆ ಗಾಳಿಮರಗಳ ಸಾಲು, ಅದರಾಚೆ ಕಡಲು. ರಾತ್ರಿ ಮಲಗಿದರೆ ಗಾಳಿಮರದ ಸದ್ದು ಯಾವುದು, ಅಲೆಯ ಸದ್ದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ಬೆಳಿಗ್ಗೆ ಮನೆಯಾಕೆ ಅಮ್ಮನನ್ನೇ ಕೇಳಿ ಅಡುಗೆ ಮಾಡಿದರು. ಮೀನು ಹೊತ್ತು ಬಂದವಳಿಂದ ಬಂಗಡೆ ಕೊಂಡು, ಕಿವಿರು ಎತ್ತಿ ಕೆಂಪು ನೋಡಿ, ಅಮ್ಮನಿಗೂ ತೋರಿಸಿದರು. ಒಣ ಮೆಣಸು, ಕಾಯಿ ಅರೆದ ಮೇಲೆ ನಾಲ್ಕಾರು ಜುಮ್ಮನಕಾಯಿ ಜಜ್ಜಿ ಕುದಿಯುವ ಸಾರಿಗೆ ಹಾಕಿದಾಗ ಎದ್ದ ಪರಿಮಳಕ್ಕೆ ಮಗಳು ಅಡುಗೆಮನೆ ಬಿಟ್ಟು ಕದಲಲಿಲ್ಲ. ಹುಳಿಗೆ ಒಣಗಿಸಿದ ಮುರುಗಲು ಸಿಪ್ಪೆ. ‘ಹೊಳೆಮೀನಿಗೆ ನಾವು ಇದನ್ನೆಲ್ಲ ಹಾಕ್ತಿರಲಿಲ್ಲ’ ಎಂದು ಅಮ್ಮ ಶುರು ಮಾಡಿದವಳು, ತವರಿನ ಮೀನು ಹಿಡಿಯುವ ಕೂಣಿಯಿಂದ ಹಿಡಿದು ಮುಳುಗಿದ ಗದ್ದೆಗಳವರೆಗೆ ಹೇಳುತ್ತ ಹೋದಳು. ನನಗೇ ಗೊತ್ತಿಲ್ಲದ ಎಷ್ಟೋ ಸಂಗತಿ ಆ ಅಡುಗೆಮನೆಯಲ್ಲಿ ಕೇಳಿದೆ.

ಕಾಸರಕೋಡಿನ ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಆ ವರ್ಷ ದೇಶದ ಎಂಟು ಕಡಲತೀರಗಳಿಗೆ ಇದು ಬಂತು, ಕರ್ನಾಟಕದಿಂದ ಕಾಸರಕೋಡೂ ಪಡುಬಿದ್ರಿಯೂ. ಡೆನ್ಮಾರ್ಕ್‌ನ ಸಂಸ್ಥೆಯೊಂದು ನೀರಿನ ಶುದ್ಧಿ, ಕಸದ ವಿಲೇವಾರಿ, ಪರಿಸರದ ತಿಳಿವಳಿಕೆ, ಸುರಕ್ಷತೆ ಎಂದು 33 ಅಂಶಗಳನ್ನು ನೋಡಿ ಕೊಡುವ ಮನ್ನಣೆ ಇದು. ಬಾವುಟ ಬಂದದ್ದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಅಮ್ಮ ಕೈ ಹಿಡಿಯದೆ ನಡೆದು ಹೋಗಬಹುದಾದ ಇಳಿಜಾರು ಹಾದಿ, ಬಟ್ಟೆ ಬದಲಿಸಲು ಚೊಕ್ಕ ಕೋಣೆ, ಮತ್ತು ಕಾವಲು ಗೋಪುರದ ಕೆಳಗೆ ನಿಂತ ಜೀವರಕ್ಷಕ. ಹೆಂಗಸರಿಗೆ, ವಯಸ್ಸಾದವರಿಗೆ, ಮಕ್ಕಳಿಗೆ ರಜೆ ಎಂದರೆ ಮೊದಲು ಇವೇ ಬೇಕು.

ಜೀವರಕ್ಷಕ ಅಲ್ಲಿಯ ಮೀನುಗಾರರ ಮನೆಯ ಹುಡುಗ. ಮಗಳು ಸ್ವಲ್ಪ ಎಡಕ್ಕೆ, ಅಲೆಗಳಿಲ್ಲದ ಸಮತಟ್ಟು ನೀರಿನ ಕಡೆ ಹೊರಟಳು. ಸೀಟಿ ಊದಿದ. ನಾವು ನಿಂತಲ್ಲಿಗೆ ಬಂದು, ‘ಅಲ್ಲಿಗೆ ಬೇಡ ಅಕ್ಕ. ಅಲೆ ಒಡೀದೆ ಇರೋ ಜಾಗ ಚಂದ ಕಾಣ್ತದೆ, ಎಳೆತ ಇರೋದು ಅಲ್ಲೇ’ ಎಂದ. ಮಗಳು ಯಾಕೆ ಎಂದು ಕೇಳಿದಳು. ಅವನು ಬೇಸರಿಸದೆ ಮರಳಿನ ಮೇಲೆ ಕೂತು ಕೋಲಿನಿಂದ ಗೀಚಿ ತೋರಿಸಿದ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮತ್ತೆ ಕಡಲಿಗೆ ಹೋಗಲೇಬೇಕು. ನೀರಿನಡಿಯ ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕರೆ ಎಲ್ಲ ನೀರೂ ಆ ಒಂದೇ ದಾರಿಯಲ್ಲಿ ನುಗ್ಗುತ್ತದೆ. ಅಲ್ಲಿ ಆಳ ಹೆಚ್ಚು, ಅದಕ್ಕೇ ಅಲೆ ಒಡೆಯುವುದಿಲ್ಲ. ಈಜು ಬಾರದವರಿಗೆ ಅದೇ ಶಾಂತವಾಗಿ ಕಾಣುತ್ತದೆ. ಸಿಕ್ಕಿಬಿದ್ದರೆ ದಡದ ಕಡೆಗೇ ಈಜಲು ಹೋಗಬಾರದು, ಎಂಥ ಈಜುಗಾರನೂ ಸೋಲುತ್ತಾನೆ. ಕೈ ಎತ್ತಿ ಕೂಗಬೇಕು, ತೇಲಬೇಕು, ಸಾಧ್ಯವಾದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಹೋಗಬೇಕು. ಎಳೆತದ ಪಟ್ಟಿ ಸಾಮಾನ್ಯವಾಗಿ ಅಗಲ ಇರುವುದಿಲ್ಲ. ‘ಈಗ ನೀನೇ ಹೇಳು, ಎಲ್ಲಿದೆ ಎಳೆತ?’ ಎಂದು ಅವನು ಕೇಳಿದಾಗ ಮಗಳು ಕಣ್ಣು ಕಿರಿದು ಮಾಡಿ ನೋಡಿ, ಕಂದು ನೀರು ಹೊರಗೆ ಸಾಗುತ್ತಿದ್ದ ಇನ್ನೊಂದು ಜಾಗ ತೋರಿಸಿದಳು. ಸರಿಯಿತ್ತು. ಎಲ್ಲ ಶಾಲೆಗಳೂ ಕಡಲಿಗೆ ಹೊರಡುವ ಮುನ್ನ ಇಷ್ಟನ್ನು ಮಕ್ಕಳಿಗೆ ಹೇಳಿಕೊಡಬೇಕೆಂದು ನನ್ನ ಬಲವಾದ ನಂಬಿಕೆ. ಅರ್ಧ ಗಂಟೆಯ ಪಾಠ ಅದು.

ಆಮೇಲೆ ಹಗ್ಗ ಕಟ್ಟಿ ಗುರುತು ಮಾಡಿದ ಜಾಗದಲ್ಲಿ, ಸೊಂಟದ ನೀರಿನಲ್ಲಿ, ಎರಡು ತಾಸು ಆಡಿದಳು. ನಾನೂ ಆಡಿದೆ. ಹೊಟ್ಟೆಯ ಸಂಕಟ ಎಲ್ಲಿ ಹೋಯಿತೋ.

ಬಸವರಾಜದುರ್ಗಕ್ಕೆ ದೋಣಿಯಲ್ಲಿ ಹೋಗಬೇಕೆನ್ನುವುದು ನನ್ನ ಗಂಡನ ಇನ್ನೊಂದು ಆಸೆ. ಕಡಲ ನಡುವಿನ ಗುಡ್ಡದ ಮೇಲೆ ಕೋಟೆ, ಅದೂ ನಮ್ಮ ಸಾಗರದ ಮಗ್ಗುಲಿನ ಕೆಳದಿಯ ಅರಸರದು. ಮಾರನೆಯ ಮಧ್ಯಾಹ್ನ ದೋಣಿಯವನ ಹತ್ತಿರ ಹೋದೆವು. ಅವನು ಪಡುವಣಕ್ಕೆ ಒಮ್ಮೆ ನೋಡಿದ, ಹೊಳೆಯ ನೀರನ್ನೊಮ್ಮೆ ನೋಡಿದ.

‘ಇವತ್ತು ಬೇಡ ಅಣ್ಣ. ಹೊಳೆ ಇಳೀತಾ ಇದೆ, ಪಡುಗಾಳಿ ಎದ್ದಿದೆ. ಅಳಿವೆ ಬಾಯಲ್ಲಿ ಎರಡೂ ಹೊಡೆದಾಡ್ತವೆ.’

ದುಡ್ಡು ಹೆಚ್ಚು ಕೊಡುತ್ತೇವೆಂದು ಪಕ್ಕದಲ್ಲಿದ್ದ ಇನ್ನೊಂದು ಗುಂಪು ಒತ್ತಾಯಿಸಿತು. ಅವನು ಅಲುಗಲಿಲ್ಲ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಕಡಲಿಗೆ ರಭಸದಿಂದ ಹೋಗುತ್ತದೆ, ಗಾಳಿಯ ಅಲೆ ಎದುರಿನಿಂದ ಬರುತ್ತದೆ. ಎರಡೂ ಸೇರುವ ಕಡೆ ಅಲೆ ಕಡಿದಾಗಿ ಏಳುತ್ತದೆ. ಕೆಳಗೆ ಮರಳ ದಿಬ್ಬ ಬೇರೆ, ಅದು ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ. ಹುಟ್ಟಿದಾಗಿನಿಂದ ಈ ಅಳಿವೆ ನೋಡಿದ ಬೋಟಿನವರೂ ಇಲ್ಲಿ ಮುಗುಚಿದ್ದಾರೆ ಎಂದ. ಸಿಗಬಹುದಾದ ಬಾಡಿಗೆಯನ್ನು ಬಿಟ್ಟು ಬೇಡ ಎನ್ನುವವನಿಗಿಂತ ದೊಡ್ಡ ಆತಿಥ್ಯ ಯಾರದು?

ಅದರ ಬದಲು ಅವನು ನಮ್ಮೆಲ್ಲರಿಗೂ ಲೈಫ್ ಜಾಕೆಟ್ ಕಟ್ಟಿ, ಅಮ್ಮನ ಕೊಂಡಿಯನ್ನು ತಾನೇ ಎಳೆದು ನೋಡಿ, ಹೊಳೆಯೊಳಗೆ ಮಾವಿನಕುರ್ವೆಯ ಕಡೆಗೆ ಕರೆದುಕೊಂಡು ಹೋದ. ತಲೆಯ ಮೇಲೆ ಕೊಂಕಣ ರೈಲಿನ ಸೇತುವೆ, ಎರಡು ಕಿಲೋಮೀಟರ್‌ಗಿಂತ ಉದ್ದ. ಆ ಮಾರ್ಗದಲ್ಲೇ ಅತಿ ಉದ್ದದ್ದು. ಆಮೇಲೆ ಎರಡೂ ಕಡೆ ಕಾಂಡ್ಲಾ ಕಾಡು. ಇಂಜಿನ್ ನಿಲ್ಲಿಸಿ ಹುಟ್ಟು ಹಾಕಿದ. ಒಂದು ಜಾತಿಯ ಕಾಂಡ್ಲಾ ಕೊಂಬೆಯಿಂದಲೇ ಬೇರು ಇಳಿಬಿಟ್ಟು ಕೆಸರಿಗೆ ಊರಿಕೊಂಡಿತ್ತು, ಇನ್ನೊಂದು ಕೆಸರಿನಿಂದ ಬೇರಿನ ತುದಿಗಳನ್ನು ಮೇಲಕ್ಕೆ ಚಾಚಿ ಉಸಿರಾಡುತ್ತಿತ್ತು. ಕೊಂಬೆಗಳಲ್ಲಿ ಎಳೆ ನುಗ್ಗೆಕಾಯಿಯಂತೆ ಹಸಿರು ಕೋಲುಗಳು ಜೋತಾಡುತ್ತಿದ್ದವು. ಅವು ಕಾಯಿಗಳಲ್ಲ, ತಾಯಿಮರದ ಮೇಲೇ ಮೊಳೆತ ಸಸಿಗಳು. ಉಪ್ಪುನೀರಿನಲ್ಲಿ ಬೀಜ ಮೊಳೆಯುವುದು ಕಷ್ಟ, ಅದಕ್ಕೆ ಮರ ಮಗುವನ್ನು ಬೆಳೆಸಿಯೇ ಕೆಳಗೆ ಬಿಡುತ್ತದೆ. ಬಿದ್ದದ್ದು ಕೆಸರಿಗೆ ನಾಟಿಕೊಳ್ಳುತ್ತದೆ, ಇಲ್ಲವೇ ತೇಲಿಹೋಗಿ ಬೇರೆಲ್ಲೋ ಬೇರು ಬಿಡುತ್ತದೆ. ದಡದ ಊರುಗಳಿಗೆ ಗಾಳಿ, ಅಲೆಗಳಿಂದ ಕಾವಲು ಈ ಕಾಡು. ಮೀನು, ಸೀಗಡಿ, ಏಡಿಗಳ ಮರಿಗಳು ಬೆಳೆಯುವುದೂ ಇದರ ಬುಡದಲ್ಲೇ. ನಡೆದೇ ನೋಡಲು ಅರಣ್ಯ ಇಲಾಖೆ ಕಾಸರಕೋಡಿನಲ್ಲಿ ಮರದ ಹಲಗೆಯ ಹಾದಿ ಮಾಡಿದೆ. ಮಗಳು ಅಲ್ಲಿಗೆ ದಿನವೂ ಹೋದಳು, ಕೆಸರಿನ ಮೇಲೆ ಜಿಗಿಯುವ ಮೀನು ನೋಡಲು.

ಅಮ್ಮ ದೋಣಿಯಲ್ಲಿ ಹೆಚ್ಚು ಮಾತಾಡಲಿಲ್ಲ. ಒಂದು ಸಲ ಮಾತ್ರ, ‘ಇಲ್ಲಿ ಹೊಳೆಗೆ ಎರಡು ದಡ ಇದೆ ನೋಡು’ ಎಂದಳು. ಹಿನ್ನೀರಿನ ಬಳಿ ಬೆಳೆದ ನನಗೆ ಆ ಮಾತು ನೇರ ಎದೆಗೆ ತಾಗಿತು.

ಸಂಜೆ ಟೊಂಕದ ಕಡೆ ನಡೆದೆವು. ಮೀನುಗಾರರ ಕೇರಿ, ಮರಳ ಮೇಲೆ ಒಣಮೀನಿನ ಹರವು. ಇಲ್ಲಿ ಬರಲಿರುವ ಖಾಸಗಿ ಬಂದರಿನ ವಿರುದ್ಧ ಈ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಬಲೆ ಹೊಲಿಯುತ್ತಿದ್ದ ಒಬ್ಬಾಕೆ ಅಮ್ಮನ ಜೊತೆ ಮಾತಿಗೆ ಕೂತರು. ಊರು ಬಿಟ್ಟು ಹೋಗು ಎಂದರೆ ಏನೆಂದು ಅಮ್ಮನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವರಿಬ್ಬರೂ ಮಾತಾಡಿಕೊಂಡಷ್ಟು ಹೊತ್ತು ನಾವು ಕಾದೆವು. ನಾನು ಆ ಕೇರಿಯವರ ಪರ. ಅಲ್ಲಿ ಒಂದು ಸಂಜೆ ಕೂತರೆ ಬೇರೆ ಪಕ್ಷ ಹಿಡಿಯಲು ನನ್ನಿಂದ ಸಾಧ್ಯವೇ ಇಲ್ಲ.

ಈ ದಂಡೆಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ನಾವಿದ್ದಾಗ ಒಂದು ಕಡೆ ಗೂಡಿನ ಸುತ್ತ ಬಲೆ ಕಟ್ಟಿದ್ದರು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಒಂದೂವರೆ ತಿಂಗಳಿನಿಂದ ಎರಡು ತಿಂಗಳು. ಹೊರಬಂದ ಮರಿಗಳು ಬೆಳಕಿನ ಕಡೆಗೆ, ಅಂದರೆ ಹೊಳೆಯುವ ಕಡಲಿನ ಕಡೆಗೆ ಹರಿದು ಹೋಗುತ್ತವೆ. ದಂಡೆಯಲ್ಲಿ ಟಾರ್ಚ್, ವಿದ್ಯುದ್ದೀಪ ಕಂಡರೆ ದಾರಿ ತಪ್ಪಿ ಊರಿನತ್ತ ಬರುತ್ತವೆ. ಇದನ್ನು ಕೇಳಿದ ಮೇಲೆ ಮಗಳು ರಾತ್ರಿ ದಂಡೆಗೆ ಹೋಗುವಾಗ ನನ್ನ ಮೊಬೈಲ್ ದೀಪ ಹಚ್ಚಲು ಬಿಡಲಿಲ್ಲ.

ಅಪ್ಸರಕೊಂಡದ ಝರಿ, ಇಡಗುಂಜಿಯ ಗಣಪತಿ, ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ ಗುಣವಂತೆ, ಎಲ್ಲವೂ ಹತ್ತಿರದಲ್ಲೇ ಇದ್ದವು. ಇಡಗುಂಜಿಗೆ ಅಮ್ಮನ ಹರಕೆಗೆಂದು ಹೋಗಿ ಪಂಚಕಜ್ಜಾಯ ತಂದೆವು. ಉಳಿದವು ಹಾಗೇ ಉಳಿದವು. ಮಧ್ಯಾಹ್ನದ ಬಿಸಿಲಿಗೆ ತೋಟದ ನೆರಳಿನಲ್ಲಿ ಚಾಪೆ ಹಾಸಿ ಮಲಗುವುದನ್ನು ಬಿಟ್ಟು ಎಲ್ಲಿಗೂ ಹೋಗಲು ಯಾರಿಗೂ ಮನಸ್ಸಿರಲಿಲ್ಲ.

ಹೊರಡುವ ದಿನ ನಸುಕಿನಲ್ಲೇ ದೋಣಿಯವನ ಫೋನ್ ಬಂತು. ಗಾಳಿ ಇಲ್ಲ, ಉಬ್ಬರ ತುಂಬಿ ನಿಂತಿದೆ, ಅಳಿವೆಯ ಹತ್ತಿರದವರೆಗೆ ಹೋಗಬಹುದು ಎಂದ. ಹೋದೆವು. ದುರ್ಗ ಎದುರಿಗೇ ಕಂಡಿತು, ಸುತ್ತಲ ಕಲ್ಲಿನ ಗೋಡೆಯ ಸಮೇತ. ಅಲ್ಲಿಂದಾಚೆಗೆ ಅವನು ದೋಣಿ ಬಿಡಲಿಲ್ಲ, ನಮ್ಮಲ್ಲಿ ಯಾರೂ ಕೇಳಲೂ ಇಲ್ಲ. ಅಮ್ಮ ಅವನ ನಂಬರ್ ಬರೆಸಿಕೊಂಡಳು.

ಘಟ್ಟ ಹತ್ತುವ ಮೊದಲೇ, ಗೇರುಸೊಪ್ಪದಲ್ಲಿ ಚಹಾಕ್ಕೆ ನಿಂತಾಗ, ಅವಳು ಕಾರ್ಗಲ್ಲಿನ ಚಿಕ್ಕಮ್ಮನಿಗೆ ಫೋನ್ ಮಾಡಿದ್ದಳು. ‘ಎರಡು ಸೀರೆ ಇಟ್ಕೋ, ಸಾಕು. ಶಿವರಾತ್ರಿ ಮುಗಿದ ಕೂಡಲೇ ಹೋಗೋಣ, ಆಮೇಲೆ ಸೆಕೆ ತಡೆಯೋಕಾಗಲ್ಲ. ಮಂಡಿ ನೋವಿಗೆ ಏನೂ ತೊಂದರೆ ಇಲ್ಲ, ಹಾದಿ ಚೆನ್ನಾಗಿದೆ. ಹೊಳೆ ಪೂರಾ ನೋಡಬಹುದು. ಆದರೆ ಮೊದಲೇ ಹೇಳ್ತೀನಿ ಕೇಳು, ದೋಣಿಯವ ಬೇಡ ಅಂದರೆ ಬೇಡ. ಅಲ್ಲಿ ನೀನು ಹಠ ಮಾಡೋದಾದರೆ ನಾನು ಕರ್ಕೊಂಡು ಹೋಗೋದಿಲ್ಲ.’